ದನದ ದೊಡ್ಡಿಯಿಂದ ಅಂಗಡಿಯ ಅಂಗಳಕ್ಕೆ

ಅಮೆರಿಕ, ಇಂಗ್ಲೆಂಡುಗಳಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳು ಬರೆಯುವ ಪತ್ರಗಳಲ್ಲಿ ಒಂದು ದೂರು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ದಿನಸಿ ಅಂಗಡಿಯ ಮುಂದಿನ ವಿಶಾಲವಾದ ಅಂಗಳದಲ್ಲಿ ಕಾರು ನಿಲ್ಲಿಸಿ, ಪಕ್ಕದ ಕಟ್ಟಡದಲ್ಲಿ ಒಂದು ಸಣ್ಣ ಕೆಲಸ ಮುಗಿಸಿ ಬರುವಷ್ಟರಲ್ಲಿ ಕಾರು ಇಲ್ಲ. ಕಳವಾಯಿತೆಂದು ಗಾಬರಿಯಾಗಿ ವಿಚಾರಿಸಿದರೆ, ಯಾವುದೋ ಟೋಯಿಂಗ್ ಕಂಪೆನಿಯವರು ಅದನ್ನು ಎಳೆದೊಯ್ದು ಊರಾಚೆಯ ಬೇಲಿಯೊಳಗೆ ಇಟ್ಟಿರುವುದು ತಿಳಿಯುತ್ತದೆ. ಕೇಳಿದಷ್ಟು ಹಣ ಕೊಟ್ಟ ಹೊರತು ಕಾರು ಸಿಗದು. "ಪೊಲೀಸರೂ ಅಲ್ಲದ, ನ್ಯಾಯಾಧೀಶರೂ ಅಲ್ಲದ ಒಬ್ಬ ಖಾಸಗಿ ವ್ಯಕ್ತಿಗೆ ಈ ಅಧಿಕಾರ ಎಲ್ಲಿಂದ ಬಂತು ಸಾರ್?" ಎಂಬುದು ಅವರ ಪ್ರಶ್ನೆ. ಇತಿಹಾಸ ಹೇಳಿಕೊಟ್ಟವನನ್ನು ಕೇಳಿದ ಮೇಲೆ ಉತ್ತರವೂ ಇತಿಹಾಸದಿಂದಲೇ ಬರಬೇಕಷ್ಟೆ.

ಮೊದಲಿಗೆ ಆ ಅಂಗಳದ ಕಥೆ. ಅಂಗಡಿಗೆ ಬರುವವನ ಗಾಡಿಗೆ ಅಂಗಡಿಯವನೇ ಸ್ಥಳ ಒದಗಿಸಬೇಕೆಂಬ ಕಲ್ಪನೆಗೆ ಸುಮಾರು ನೂರು ವರ್ಷದ ವಯಸ್ಸಷ್ಟೆ. ನಮ್ಮ ಸಂತೆಗಳಲ್ಲಿ ಎತ್ತಿನ ಗಾಡಿಯನ್ನು ಎಲ್ಲಿ ಬಿಚ್ಚುವುದೆಂಬುದು ಗಾಡಿಯವನ ಚಿಂತೆಯೇ ಹೊರತು ವರ್ತಕನ ಚಿಂತೆಯಾಗಿರಲಿಲ್ಲ. ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಜೆ. ಸಿ. ನಿಕೋಲ್ಸ್ ಎಂಬ ಭೂ ಉದ್ಯಮಿ 1923ರಲ್ಲಿ ತೆರೆದ ಕಂಟ್ರಿ ಕ್ಲಬ್ ಪ್ಲಾಜಾ, ಕಾರಿನಲ್ಲಿ ಬರುವ ಗಿರಾಕಿಗಳಿಗೆಂದೇ ಯೋಜಿಸಿದ ಮೊದಲ ವ್ಯಾಪಾರ ಕೇಂದ್ರಗಳಲ್ಲಿ ಒಂದು. 1956ರಲ್ಲಿ ವಿಕ್ಟರ್ ಗ್ರುಯೆನ್ ಎಂಬ ವಾಸ್ತುಶಿಲ್ಪಿ ಮಿನೆಸೋಟದಲ್ಲಿ ಸೌತ್‌ಡೇಲ್ ಎಂಬ ಮುಚ್ಚಿದ ಮಾಲನ್ನು ಕಟ್ಟಿದಾಗ, ಅದರ ಸುತ್ತ 5,200 ಕಾರುಗಳು ನಿಲ್ಲುವಷ್ಟು ಜಾಗವಿತ್ತು. ಊರಿನ ನಡುವೆ ಅಷ್ಟು ದೊಡ್ಡ ಬಯಲನ್ನು ಬೇಲಿಯಿಲ್ಲದೆ, ಕಾವಲಿಲ್ಲದೆ, ಉಚಿತವಾಗಿ ತೆರೆದಿಟ್ಟರೆ ಏನಾಗುವುದೆಂದು ಊಹಿಸುವುದು ಕಷ್ಟವಲ್ಲ. ಪಕ್ಕದ ಕಚೇರಿಯ ನೌಕರರು, ರೈಲು ಹಿಡಿಯುವವರು, ಎದುರಿನ ಚಿತ್ರಮಂದಿರಕ್ಕೆ ಹೋಗುವವರು ಎಲ್ಲರೂ ಅಲ್ಲಿಯೇ ಕಾರು ನಿಲ್ಲಿಸಿದರು. ಸರಕು ಕೊಳ್ಳಲು ಬಂದವನಿಗೆ ಸ್ಥಳವಿಲ್ಲ. ಅವನು ತಿರುಗಿ ಹೋದರೆ ಅಂಗಡಿಗೆ ನಷ್ಟ. ವರ್ತಕನ ಸಂಕಟ ನಿಜವಾದದ್ದೇ. ಇದನ್ನು ಒಪ್ಪದೆ ಮುಂದಿನ ಕಥೆಯನ್ನು ಹೇಳಿದರೆ ಅನ್ಯಾಯವಾದೀತು.

ಕಾರನ್ನು ಎಳೆದೊಯ್ಯುವ ಯಂತ್ರವೂ ಅಷ್ಟರಲ್ಲಿ ಸಿದ್ಧವಾಗಿತ್ತು. ಟೆನೆಸೀ ರಾಜ್ಯದ ಚಾಟನೂಗ ಪಟ್ಟಣದಲ್ಲಿ ಗ್ಯಾರೇಜು ನಡೆಸುತ್ತಿದ್ದ ಅರ್ನೆಸ್ಟ್ ಹೋಮ್ಸ್ ಎಂಬಾತ, ಹಳ್ಳಕ್ಕೆ ಉರುಳಿದ ಸ್ನೇಹಿತರೊಬ್ಬರ ಕಾರನ್ನು ಹಲವು ಆಳುಗಳ ಸಹಾಯದಿಂದ ಗಂಟೆಗಟ್ಟಲೆ ಹೆಣಗಿ ಮೇಲೆತ್ತಿದನಂತೆ. ಆ ಬೇಸರದಿಂದ 1916ರಲ್ಲಿ ಒಂದು ಹಳೆಯ ಕ್ಯಾಡಿಲಾಕ್ ಕಾರಿನ ಮೇಲೆ ಮೂರು ಕಂಬ, ಒಂದು ರಾಟೆ, ಒಂದು ಸರಪಳಿ ಜೋಡಿಸಿದ. ಇಂದಿನ ಟೋಯಿಂಗ್ ಟ್ರಕ್ಕುಗಳ ಮೂಲಪುರುಷ ಅದೇ. ಚಾಟನೂಗದಲ್ಲಿ ಇದಕ್ಕೆಂದೇ ಒಂದು ವಸ್ತುಸಂಗ್ರಹಾಲಯವಿದೆ. ಹಳ್ಳಕ್ಕೆ ಬಿದ್ದವನನ್ನು ಮೇಲೆತ್ತಲು ಹುಟ್ಟಿದ ಯಂತ್ರವದು ಎಂಬುದನ್ನು ನೆನಪಿನಲ್ಲಿಡಿ.

ಯಂತ್ರ ಸಿಕ್ಕಿತು. ಆದರೆ ಪರರ ಸೊತ್ತನ್ನು ಅವರ ಒಪ್ಪಿಗೆಯಿಲ್ಲದೆ ಹಿಡಿದಿಡುವ ಹಕ್ಕು? ಅದು ಕಾರಿಗಿಂತ ಏಳೆಂಟು ನೂರು ವರ್ಷ ಹಳೆಯದು. ಮಧ್ಯಯುಗದ ಇಂಗ್ಲೆಂಡಿನಲ್ಲಿ, ನೆರೆಯವನ ದನ ನಿಮ್ಮ ಹೊಲಕ್ಕೆ ನುಗ್ಗಿ ಪೈರು ಮೇಯುತ್ತಿದ್ದರೆ ನೀವು ಅದನ್ನು ಹಿಡಿದು ಕಟ್ಟಬಹುದಾಗಿತ್ತು; ಆದ ನಷ್ಟವನ್ನು ತುಂಬಿಕೊಡುವವರೆಗೆ ಬಿಡಬೇಕಾಗಿರಲಿಲ್ಲ. ಆದರೆ ಷರತ್ತುಗಳಿದ್ದವು. ದನವನ್ನು ಮೇಯುತ್ತಿರುವಾಗಲೇ ಹಿಡಿಯಬೇಕು. ನಿಜವಾಗಿ ನಷ್ಟವಾಗಿರಬೇಕು. ಹಿಡಿದ ದನದಿಂದ ದುಡಿಸಿಕೊಳ್ಳುವಂತಿಲ್ಲ, ಮಾರುವಂತಿಲ್ಲ. ಹಿಡಿದದ್ದೇ ತಪ್ಪೆಂದು ಒಡೆಯ ವಾದಿಸುವುದಾದರೆ, ಜಾಮೀನು ಕೊಟ್ಟು ಮೊದಲು ದನವನ್ನು ಬಿಡಿಸಿಕೊಂಡು ಆಮೇಲೆ ನ್ಯಾಯಾಲಯದಲ್ಲಿ ಹೋರಾಡುವ ದಾರಿಯೂ ಇತ್ತು.

ಈ ದನದ ಕಾನೂನು ಯಂತ್ರಕ್ಕೂ ಅನ್ವಯಿಸಿದ ಒಂದು ಸ್ವಾರಸ್ಯಕರ ಪ್ರಸಂಗವಿದೆ. 1852ರ ಆಗಸ್ಟಿನಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಿಲ್ದಾಣಕ್ಕೆ ಪ್ರತಿಸ್ಪರ್ಧಿ ಕಂಪೆನಿಯ ರೈಲೊಂದು ಬಂದಿತು. ನಿಲ್ದಾಣದ ಒಡೆತನ ಹೊಂದಿದ್ದ ಮಿಡ್‌ಲ್ಯಾಂಡ್ ರೈಲ್ವೆಯವರು ತಮ್ಮ ಎಂಜಿನ್ನುಗಳಿಂದ ಆ ಎಂಜಿನ್ನನ್ನು ಸುತ್ತುವರಿದು, ಒಂದು ಪಾಳುಬಿದ್ದ ಕೊಟ್ಟಿಗೆಗೆ ತಳ್ಳಿಕೊಂಡು ಹೋಗಿ, ಹೊರಬರುವ ದಾರಿಯ ಹಳಿಗಳನ್ನೇ ಕಿತ್ತುಹಾಕಿದರು! ಏಳು ತಿಂಗಳು ಆ ಎಂಜಿನ್ನು ಅಲ್ಲೇ ಸೆರೆಯಲ್ಲಿತ್ತು. ಮೊಕದ್ದಮೆ ನಡೆದಾಗ, ಅನುಮತಿಯಿಲ್ಲದೆ ಬಂದು ಹಳಿಯನ್ನು ಅಡ್ಡಗಟ್ಟಿದ ಎಂಜಿನ್ನನ್ನೂ ಹೊಲಕ್ಕೆ ನುಗ್ಗಿದ ದನದಂತೆಯೇ ಹಿಡಿದಿಡಬಹುದೆಂದು 1853ರಲ್ಲಿ ನ್ಯಾಯಾಲಯ ಹೇಳಿತು. ನನ್ನ ಎಣಿಕೆಯಲ್ಲಿ ಇಂದಿನ ಟೋಯಿಂಗಿನ ಪೂರ್ವಜ ಅದೇ ಎಂಜಿನ್ನು.

ಇದೇ ಕಾನೂನನ್ನು ಬ್ರಿಟಿಷರು ಇಂಡಿಯಾಕ್ಕೂ ತಂದರು. 1871ರ ಜಾನುವಾರು ಅತಿಕ್ರಮಣ ಕಾಯಿದೆ ಎಂಬುದು ಅದರ ರೂಪ. ನಮ್ಮ ರಾಜ್ಯವೂ 1966ರಲ್ಲಿ ಇದೇ ವಿಷಯವಾಗಿ ತನ್ನದೇ ಕಾಯಿದೆಯನ್ನು ಮಾಡಿಕೊಂಡಿತು. ಹಳ್ಳಿಯಲ್ಲಿ ಬೆಳೆದವರಿಗೆ ದನದ ದೊಡ್ಡಿ ಗೊತ್ತು. ಉತ್ತರ ಕರ್ನಾಟಕದ ಕಡೆಯವರು ಕೊಂಡವಾಡ ಎಂದರೆ ಅರ್ಥಮಾಡಿಕೊಂಡಾರು. ನಮ್ಮೂರಿನಲ್ಲಿಯೂ ಚಾವಡಿಯ ಹಿಂದೆ ಕಲ್ಲುಗೋಡೆಯ ದೊಡ್ಡಿಯೊಂದಿತ್ತು. ಸಂಜೆ ಹಟ್ಟಿಗೆ ಮರಳದ ದನವನ್ನು ಹುಡುಕುವವರು ಮೊದಲು ಇಣುಕುತ್ತಿದ್ದುದು ಅಲ್ಲಿಗೇ.

ಆ 1871ರ ಕಾಯಿದೆಯನ್ನು ಈಗ ಓದಿದರೆ, ಅದನ್ನು ಬರೆದವರು ಮನುಷ್ಯಸ್ವಭಾವವನ್ನು ಚೆನ್ನಾಗಿ ಬಲ್ಲವರೆಂದು ತೋರುತ್ತದೆ. ಹೊಲದವನು ದನವನ್ನು ಹಿಡಿಯಬಹುದು. ಆದರೆ ಇಪ್ಪತ್ತನಾಲ್ಕು ಗಂಟೆಗಳೊಳಗೆ ಸರ್ಕಾರದ ದೊಡ್ಡಿಗೆ ಕಳುಹಿಸಬೇಕು, ಮನೆಯಲ್ಲಿ ಕಟ್ಟಿಕೊಳ್ಳುವಂತಿಲ್ಲ. ದಂಡದ ದರ ಕಾಯಿದೆಯಲ್ಲಿಯೇ ಅಚ್ಚಾಗಿತ್ತು: ಆನೆಗೆ ಎರಡು ರೂಪಾಯಿ, ಎಮ್ಮೆಗೆ ಎಂಟಾಣೆ, ಹಸು ಎತ್ತುಗಳಿಗೆ ನಾಲ್ಕಾಣೆ, ಕುರಿ ಮೇಕೆಗೆ ಒಂದಾಣೆ. ದಂಡದ ಹಣ ಹಿಡಿದವನಿಗೆ ಸೇರುತ್ತಿರಲಿಲ್ಲ. ಪೈರಿನ ನಷ್ಟಕ್ಕೆ ಪರಿಹಾರ ಬೇಕಿದ್ದರೆ ಅವನು ಬೇರೆಯಾಗಿ ದಾವೆ ಹೂಡಬೇಕಾಗಿತ್ತು. ದೊಡ್ಡಿ ಕಾಯುವವನಿಗೆ ಸಂಬಳ. ದನವೊಂದಕ್ಕೆ ಇಷ್ಟೆಂಬ ಪಾಲು ಆ ಕಾಯಿದೆಯಲ್ಲಿಲ್ಲ. ಏಳು ದಿನಗಳಲ್ಲಿ ಯಾರೂ ಬಾರದಿದ್ದರೆ ಪೊಲೀಸರ ಮೂಲಕ ಪ್ರಕಟಣೆ, ಮತ್ತೆ ಏಳು ದಿನ ಕಾದು ಹರಾಜು, ಖರ್ಚು ಕಳೆದು ಉಳಿದ ಹಣ ಒಡೆಯನಿಗೆ. ಹರಾಜಿನಲ್ಲಿ ಪೊಲೀಸ್ ಅಧಿಕಾರಿಯಾಗಲಿ ದೊಡ್ಡಿ ಕಾಯುವವನಾಗಲಿ ನೇರವಾಗಿಯೂ ಬೇನಾಮಿಯಾಗಿಯೂ ದನವನ್ನು ಕೊಳ್ಳಕೂಡದು. ಅನ್ಯಾಯವಾಗಿ ಹಿಡಿದರೆಂದು ಒಡೆಯ ತಕರಾರು ಮಾಡುವುದಾದರೆ, ದಂಡದ ಹಣವನ್ನು ಠೇವಣಿಯಿಟ್ಟು ದನವನ್ನು ಬಿಡಿಸಿಕೊಂಡು, ಹತ್ತು ದಿನಗಳೊಳಗೆ ಮ್ಯಾಜಿಸ್ಟ್ರೇಟರಲ್ಲಿ ದೂರು ಕೊಡಬಹುದಾಗಿತ್ತು. ದೂರು ನಿಜವಾದರೆ, ಹಿಡಿದವನು ನೂರು ರೂಪಾಯಿಯವರೆಗೆ ಪರಿಹಾರ ತೆರಬೇಕಾಗಿತ್ತು. ನಾಲ್ಕಾಣೆಯ ದಂಡದ ಕಾಲದಲ್ಲಿ ನೂರು ರೂಪಾಯಿಯೆಂದರೆ ಎಷ್ಟೆಂಬುದನ್ನು ನೀವೇ ಲೆಕ್ಕ ಹಾಕಿ.

ಇದೆಲ್ಲ ಕಾಗದದ ಮೇಲಿನ ಮಾತು, ದೊಡ್ಡಿಯಲ್ಲಿ ಲಂಚ ನಡೆಯುತ್ತಿರಲಿಲ್ಲವೇ ಎಂದು ಕೇಳುವವರಿದ್ದಾರೆ. ನಡೆದೇ ಇರುತ್ತದೆ. ಬಂಗಾಳದಂಥ ಪ್ರಾಂತ್ಯಗಳಲ್ಲಿ ದೊಡ್ಡಿಗಳನ್ನು ಗುತ್ತಿಗೆಗೇ ಕೊಟ್ಟುಬಿಡುತ್ತಿದ್ದರು. ಆದರೂ ಕಾಯಿದೆಯ ಆಲೋಚನೆಯನ್ನು ಗಮನಿಸಿ: ಹಿಡಿಯುವವನು ಒಬ್ಬ, ಇಟ್ಟುಕೊಳ್ಳುವವನು ಇನ್ನೊಬ್ಬ, ಹಣ ಸೇರುವುದು ಮೂರನೆಯ ಕಡೆಗೆ. ಹೆಚ್ಚು ದನ ಹಿಡಿದರೆ ಹೆಚ್ಚು ಲಾಭವೆಂಬ ಮನುಷ್ಯನೇ ಆ ಏರ್ಪಾಡಿನಲ್ಲಿ ಇರಬಾರದೆಂಬುದು ಅದರ ಉದ್ದೇಶ.

ಅಂಗಡಿಯ ಅಂಗಳದಲ್ಲಿ ಆದದ್ದು ಇದರ ತದ್ವಿರುದ್ಧ. ಅಮೆರಿಕದ ವರ್ತಕರು ತಾವೇ ಕಾರುಗಳನ್ನು ಎಳೆಸುವ ಗೋಜಿಗೆ ಹೋಗದೆ ಟೋಯಿಂಗ್ ಕಂಪೆನಿಗಳೊಡನೆ ಒಪ್ಪಂದ ಮಾಡಿಕೊಂಡರು. ಅಂಗಡಿಯವನು ಒಂದು ಕಾಸೂ ಕೊಡಬೇಕಾಗಿಲ್ಲ. ಫಲಕವನ್ನೂ ಅನೇಕ ವೇಳೆ ಕಂಪೆನಿಯೇ ತಂದು ನೆಡುತ್ತದೆ. ಕಂಪೆನಿಯ ಆದಾಯವೆಲ್ಲ ಎಳೆದೊಯ್ದ ಕಾರುಗಳ ಒಡೆಯರಿಂದ. ಹೀಗಾಗಿ ಹಿಡಿಯುವವನು, ಕೂಡಿಹಾಕುವವನು, ದಂಡ ವಸೂಲು ಮಾಡುವವನು ಮೂವರೂ ಒಬ್ಬನೇ ಆದರು. ಕರೆ ಬರುವವರೆಗೂ ಕಾಯದೆ ಟ್ರಕ್ಕುಗಳು ರಾತ್ರಿಯಿಡೀ ಅಂಗಳದಿಂದ ಅಂಗಳಕ್ಕೆ ಬೇಟೆಗೆ ಹೊರಟವು. ಖಾಲಿಯಿರುವ ಅಂಗಳದಲ್ಲಿ ನಿಂತ ಒಂದು ಕಾರಿನಿಂದ ಅಂಗಡಿಗೆ ಕವಡೆಯಷ್ಟೂ ನಷ್ಟವಿಲ್ಲ. ಟ್ರಕ್ಕಿನವನಿಗಾದರೋ ಅದೇ ಒಳ್ಳೆಯ ಬೇಟೆ. ಷಿಕಾಗೋದ ಗಾಯಕ ಸ್ಟೀವ್ ಗುಡ್‌ಮನ್ 1972ರಲ್ಲಿ ಅಲ್ಲಿಯ ಟೋಯಿಂಗಿನವರನ್ನು ಕಡಲ್ಗಳ್ಳರಿಗೆ ಹೋಲಿಸಿ ಹಾಡು ಕಟ್ಟಿದ್ದನೆಂದರೆ ಜನರ ಸಿಟ್ಟು ಎಷ್ಟಿತ್ತೆಂದು ತಿಳಿಯಬಹುದು.

ಸಿಟ್ಟು ಕಾನೂನಾಗಲು ಬಹಳ ಕಾಲ ಹಿಡಿಯಿತು. ಅದಕ್ಕೊಂದು ವಿಚಿತ್ರ ಕಾರಣವೂ ಇದೆ. 1994ರಲ್ಲಿ ಅಮೆರಿಕದ ಕಾಂಗ್ರೆಸ್ಸು ಸರಕು ಸಾಗಣೆಯ ದರ, ಮಾರ್ಗ, ಸೇವೆಗಳನ್ನು ರಾಜ್ಯಗಳು ನಿಯಂತ್ರಿಸಕೂಡದೆಂದು ಕಾಯಿದೆ ಮಾಡಿತು. ಅದರ ಕಣ್ಣಿದ್ದದ್ದು ಸರಕಿನ ಲಾರಿಗಳ ಮೇಲೆ. ಆದರೆ ಕಾರನ್ನು ಎಳೆದೊಯ್ಯುವುದೂ ಸಾಗಣೆಯೇ ಎಂದು ಟೋಯಿಂಗ್ ಕಂಪೆನಿಗಳು ಅದರಡಿ ನುಸುಳಿದವು! 1995ರಲ್ಲಿ, ಒಡೆಯನ ಒಪ್ಪಿಗೆಯಿಲ್ಲದ ಟೋಯಿಂಗಿನ ದರವನ್ನು ರಾಜ್ಯಗಳು ಗೊತ್ತುಮಾಡಬಹುದೆಂದು ತಿದ್ದುಪಡಿಯಾಯಿತು. 2002ರಲ್ಲಿ ಒಹಾಯೋದ ಕೊಲಂಬಸ್ ನಗರದ ಮೊಕದ್ದಮೆಯಲ್ಲಿ, ಸುರಕ್ಷತೆಯ ನಿಯಮಗಳನ್ನು ಮಾಡುವ ಅಧಿಕಾರವನ್ನು ರಾಜ್ಯವು ನಗರಗಳಿಗೂ ಕೊಡಬಹುದೆಂದು ಸುಪ್ರೀಂ ಕೋರ್ಟು ಹೇಳಿತು. ಮುಖ್ಯವಾದ ಬಾಗಿಲು ತೆರೆದದ್ದು 2005ರಲ್ಲಿ: ಖಾಸಗಿ ಜಾಗದಿಂದ ಕಾರನ್ನು ಎಳೆಯುವ ಮುನ್ನ ಜಾಗದ ಒಡೆಯನ ಲಿಖಿತ ಅನುಮತಿ ಬೇಕೆಂದೋ, ಅವನು ಸ್ಥಳದಲ್ಲಿರಬೇಕೆಂದೋ ರಾಜ್ಯಗಳು ವಿಧಿಸಬಹುದು ಎಂದಾಯಿತು.

ಮರುವರ್ಷವೇ ಕ್ಯಾಲಿಫೋರ್ನಿಯ ತನ್ನ ಕಾಯಿದೆಯನ್ನು ಬಿಗಿಗೊಳಿಸಿತು. ಪ್ರವೇಶದ್ವಾರಗಳಲ್ಲಿ ಕನಿಷ್ಠ 17 ಅಂಗುಲಕ್ಕೆ 22 ಅಂಗುಲದ ಫಲಕ, ಅಕ್ಷರಗಳ ಎತ್ತರ ಒಂದಂಗುಲಕ್ಕೆ ಕಡಿಮೆಯಿಲ್ಲ. ಪ್ರತಿಯೊಂದು ಕಾರಿಗೂ ಜಾಗದ ಒಡೆಯನೋ ಅವನ ಪ್ರತಿನಿಧಿಯೋ ಸ್ಥಳದಲ್ಲಿದ್ದು ಸಹಿ ಮಾಡಬೇಕು. ಬೆಂಕಿ ಆರಿಸುವ ನೀರಿನ ಕೊಳವೆಯ ಬಳಿ, ಅಗ್ನಿಶಾಮಕ ವಾಹನದ ಹಾದಿಯಲ್ಲಿ, ಇಲ್ಲವೇ ಬಾಗಿಲಿಗೆ ಅಡ್ಡವಾಗಿ ನಿಂತ ಕಾರುಗಳಿಗೆ ಮಾತ್ರ ಇದರಿಂದ ವಿನಾಯಿತಿ. ಅಂಥ ಕಾರಿನ ಛಾಯಾಚಿತ್ರ ತೆಗೆಯಬೇಕು. ಹತ್ತು ಮೈಲಿಗಿಂತ ದೂರ ಒಯ್ಯುವಂತಿಲ್ಲ. ಕಂಪೆನಿಯು ಜಾಗದ ಒಡೆಯನಿಗೆ ದಲ್ಲಾಳಿ ಕೊಡುವಂತಿಲ್ಲ. ಕೊಕ್ಕೆ ಸಿಕ್ಕಿಸಿದ ಮೇಲೂ ಕಾರು ಅಂಗಳವನ್ನು ದಾಟುವ ಮೊದಲೇ ನೀವು ಓಡಿ ಬಂದರೆ, ಕೂಡಲೇ ಬಿಟ್ಟುಕೊಡಬೇಕು. ಅರ್ಧ ದರಕ್ಕಿಂತ ಹೆಚ್ಚು ಕೇಳುವಂತಿಲ್ಲ. ಹೆಚ್ಚು ವಸೂಲು ಮಾಡಿದರೆ ನಾಲ್ಕರಷ್ಟು ಹಿಂದಕ್ಕೆ. ಆ ರಾಜ್ಯದಲ್ಲಿರುವವರು ಇಷ್ಟನ್ನಾದರೂ ಬರೆದಿಟ್ಟುಕೊಳ್ಳಿ. ಒಡೆಯನ ಸಹಿ ಬೇಕೆಂಬ ಈ ಒಂದು ನಿಯಮದಿಂದ ಹಿಡಿಯುವವನೂ ಲಾಭ ಪಡೆಯುವವನೂ ಮತ್ತೆ ಸ್ವಲ್ಪಮಟ್ಟಿಗೆ ಬೇರೆಯಾದರು.

ಬೆಂಗಳೂರಿನ ನೆನಪು ನಿಮಗಾಗಿರಬಹುದು. ಅಲ್ಲಿಯದು ಅಂಗಡಿಯ ಅಂಗಳದ್ದಲ್ಲ, ರಸ್ತೆಯ ಪ್ರಶ್ನೆ, ಹಿಡಿಯುವವರು ಪೊಲೀಸರು. ಆದರೆ ಎಳೆಯುವ ವಾಹನಗಳು ಖಾಸಗಿಯವರದಾಗಿದ್ದವು. ಜನರ ಆಕ್ರೋಶ ಮಿತಿಮೀರಿದ ಮೇಲೆ 2022ರ ಫೆಬ್ರವರಿಯಲ್ಲಿ ಅದನ್ನು ನಿಲ್ಲಿಸಲಾಯಿತು. ಇರಲಿ.

ಇಂಗ್ಲೆಂಡಿನ ಕಥೆ ಬೇರೆ ದಾರಿ ಹಿಡಿಯಿತು. ಅಲ್ಲಿ ಕಾರನ್ನು ಎಳೆದೊಯ್ಯುವುದಕ್ಕಿಂತ ಗಾಲಿಗೆ ಕ್ಲಾಂಪು ಹಾಕುವುದು ಹೆಚ್ಚಾಗಿತ್ತು. ಕ್ಲಾಂಪನ್ನು ಕಂಡುಹಿಡಿದವನು ಅಮೆರಿಕದ ಡೆನ್ವರ್ ನಗರದ ಫ್ರ್ಯಾಂಕ್ ಮರಗ್; ಆತ ಅಲ್ಲಿಯ ಸಿಂಫನಿ ವಾದ್ಯವೃಂದದಲ್ಲಿ ಪಿಟೀಲು ನುಡಿಸುತ್ತಿದ್ದ. ಡೆನ್ವರ್ ಪೊಲೀಸರು 1955ರಲ್ಲಿ ಬಳಕೆಗೆ ತಂದದ್ದು 1983ರಲ್ಲಿ ಲಂಡನ್ನಿನ ರಸ್ತೆಗಳಿಗೆ ಬಂದು, ಅಲ್ಲಿಂದ ಖಾಸಗಿ ಜಾಗಗಳಿಗೂ ಹಬ್ಬಿತು. ಸ್ಕಾಟ್ಲೆಂಡಿನ ನ್ಯಾಯಾಧೀಶರು 1992ರಲ್ಲಿ ಒಂದೇ ಏಟಿಗೆ ಇದನ್ನು ಮುಗಿಸಿದರು: ಖಾಸಗಿ ವ್ಯಕ್ತಿ ಪರರ ಕಾರಿಗೆ ಕ್ಲಾಂಪು ಹಾಕಿ ಹಣ ಕೇಳುವುದು ಸುಲಿಗೆ, ಕಾರನ್ನು ಒಡೆಯನ ಕೈಗೆ ಸಿಗದಂತೆ ಮಾಡುವುದು ಕಳ್ಳತನ! ಇಂಗ್ಲೆಂಡಿನವರಿಗೆ ಅಷ್ಟು ಧೈರ್ಯ ಬರಲಿಲ್ಲ. 1995ರಲ್ಲಿ ಆರ್ಥರ್ ಎಂಬುವರ ಮೊಕದ್ದಮೆಯಲ್ಲಿ ನಮ್ಮ ಹಳೆಯ ದನದ ಕಾನೂನೇ ನ್ಯಾಯಾಲಯದ ಮುಂದೆ ಬಂದಿತು. ಅತಿಕ್ರಮಿಸಿದ ಕಾರನ್ನು ದನದಂತೆ ಹಿಡಿದಿಡಬಹುದೆಂದು ಕ್ಲಾಂಪಿನವರು ವಾದಿಸಿದರು. ಸುಮ್ಮನೆ ನಿಂತ ಕಾರಿನಿಂದ ಯಾವ ನಷ್ಟವೂ ಆಗಿಲ್ಲವಾದ್ದರಿಂದ ಆ ವಾದ ನಿಲ್ಲದೆಂದು ಕೋರ್ಟು ಹೇಳಿತು. ಆದರೆ ಫಲಕವನ್ನು ಓದಿಯೂ ಕಾರು ನಿಲ್ಲಿಸಿದವನು ಕ್ಲಾಂಪಿಗೆ ಒಪ್ಪಿಗೆ ಕೊಟ್ಟಂತೆಯೇ ಎಂದು ಇನ್ನೊಂದು ಬಾಗಿಲನ್ನು ತೆರೆದಿಟ್ಟಿತು. ದನ ಫಲಕವನ್ನು ಓದಲಾರದು, ಮನುಷ್ಯ ಓದಬಲ್ಲ. ವಿದ್ಯೆ ಕಲಿತದ್ದೇ ಮುಳುವಾಯಿತೆನ್ನಿ! 2000ರಲ್ಲಿ ಇನ್ನೊಂದು ಪ್ರಕರಣ ಬಂದಿತು. ಅಸ್ವಸ್ಥಳಾದ ಮಹಿಳೆಯೊಬ್ಬಳು ವಾಂತಿ ಮಾಡಿಕೊಳ್ಳಲೆಂದು ಕಾರು ನಿಲ್ಲಿಸಿದ್ದ ಕೆಲವೇ ನಿಮಿಷಗಳಲ್ಲಿ ಕ್ಲಾಂಪು ಬಿದ್ದಿತ್ತು. ಆಕೆ ಫಲಕವನ್ನು ನೋಡಿಯೇ ಇರಲಿಲ್ಲವಾದ್ದರಿಂದ ಒಪ್ಪಿಗೆಯೂ ಇಲ್ಲವೆಂದು ತೀರ್ಪಾಯಿತು. ಕೊನೆಗೆ 2012ರ ಅಕ್ಟೋಬರ್ 1ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ಖಾಸಗಿ ಜಾಗಗಳಲ್ಲಿ ಕ್ಲಾಂಪು, ಟೋಯಿಂಗು ಎರಡನ್ನೂ ಸಂಸತ್ತು ನಿಷೇಧಿಸಿತು.

ಆದರೆ ಅದೇ ಕಾಯಿದೆ ಇನ್ನೊಂದು ಕೈಯಿಂದ ಬೇರೊಂದನ್ನು ಕೊಟ್ಟಿತು. ಕಾರು ನಡೆಸಿದವನು ಯಾರೆಂದು ತಿಳಿಯದಿದ್ದರೆ, ನೋಂದಾಯಿತ ಒಡೆಯನಿಂದಲೇ ಶುಲ್ಕ ವಸೂಲು ಮಾಡಬಹುದು. ಸರ್ಕಾರದ ವಾಹನ ನೋಂದಣಿ ಕಚೇರಿಯಲ್ಲಿ ಎರಡೂವರೆ ಪೌಂಡು ಕೊಟ್ಟರೆ ಒಡೆಯನ ವಿಳಾಸ ಸಿಗುತ್ತಿತ್ತು. ಕಂಬದ ಮೇಲಿನ ಕ್ಯಾಮೆರಾ ಕಾರಿನ ಸಂಖ್ಯೆಯನ್ನು ಓದುತ್ತದೆ, ಪತ್ರ ಮನೆಗೆ ಬರುತ್ತದೆ. 2022–23ರ ಒಂದೇ ವರ್ಷದಲ್ಲಿ ಹೀಗೆ ವಿಳಾಸ ಕೇಳಿದ ಕೋರಿಕೆಗಳು ಒಂದು ಕೋಟಿಯನ್ನು ದಾಟಿದ್ದವು.

2013ರ ಏಪ್ರಿಲಿನಲ್ಲಿ ಚೆಲ್ಮ್ಸ್‌ಫರ್ಡ್ ಪಟ್ಟಣದ ಒಂದು ವ್ಯಾಪಾರ ಕೇಂದ್ರದಲ್ಲಿ ಬೀವಿಸ್ ಎಂಬುವರು ಎರಡು ಗಂಟೆಗಳ ಉಚಿತ ಅವಧಿಗಿಂತ 56 ನಿಮಿಷ ಹೆಚ್ಚು ಕಾರು ನಿಲ್ಲಿಸಿದರು. ಪಾರ್ಕಿಂಗ್‌ಐ ಎಂಬ ಕಂಪೆನಿ 85 ಪೌಂಡು ಕೇಳಿತು. ಅವರು ಕೊಡಲೊಪ್ಪದೆ ಸುಪ್ರೀಂ ಕೋರ್ಟಿನವರೆಗೂ ಹೋದರು. 2015ರ ನವೆಂಬರಿನಲ್ಲಿ ಏಳು ನ್ಯಾಯಾಧೀಶರಲ್ಲಿ ಆರು ಜನ ಕಂಪೆನಿಯ ಪರವಾಗಿ ತೀರ್ಪಿತ್ತರು. ಅಂಗಳದಲ್ಲಿ ಜಾಗ ತೆರವಾಗುತ್ತಿರಬೇಕೆಂಬುದು ನ್ಯಾಯಸಮ್ಮತವಾದ ಹಿತಾಸಕ್ತಿ, ಅದಕ್ಕೆ 85 ಪೌಂಡು ಅತಿಯಲ್ಲ ಎಂಬುದು ಅವರ ನಿಲುವು. ಗ್ರಾಹಕರ ರಕ್ಷಣೆಯ ನಿಯಮಗಳ ಪ್ರಕಾರ ಈ ಷರತ್ತು ಅನ್ಯಾಯವೆಂದು ಭಿನ್ನಮತವಿತ್ತವರು ಲಾರ್ಡ್ ಟೌಲ್ಸನ್ ಒಬ್ಬರೇ. ನನ್ನ ಮನಸ್ಸು ಆ ಒಬ್ಬರ ಕಡೆಗೇ ವಾಲುತ್ತದೆ. ಏಕೆಂದರೆ ಆ ಮೊಕದ್ದಮೆಯಲ್ಲಿ ಹೊರಬಿದ್ದ ಒಂದು ಸಂಗತಿ ನನ್ನನ್ನು ಬೆಚ್ಚಿಬೀಳಿಸಿತು. ಅಂಗಳ ಕಾಯುವುದಕ್ಕೆ ಜಾಗದ ಒಡೆಯರು ಕಂಪೆನಿಗೆ ಹಣ ಕೊಡುತ್ತಿರಲಿಲ್ಲ. ಕಾಯುವ ಹಕ್ಕಿಗಾಗಿ ಕಂಪೆನಿಯೇ ಒಡೆಯರಿಗೆ ವಾರಕ್ಕೆ 1,000 ಪೌಂಡು ಕೊಡುತ್ತಿತ್ತು! ಉಚಿತ ಅಂಗಳದಲ್ಲಿ ಆ ಸಾವಿರ ಪೌಂಡು ಹುಟ್ಟಬೇಕಾದದ್ದು ಹೊತ್ತು ಮೀರಿದವರಿಂದಲೇ. ಎಲ್ಲರೂ ನಿಯಮ ಪಾಲಿಸಿದ ವಾರ ಕಾವಲುಗಾರನಿಗೆ ನಷ್ಟದ ವಾರ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇನ್ನೇನು? ಎಮ್ಮೆಗೆ ಎಂಟಾಣೆಯೆಂದು ಬರೆದಿಟ್ಟ ಕಾಯಿದೆಯ ಕಾಲದಲ್ಲಿ ಇಂಥ ದೊಡ್ಡಿಯನ್ನು ಯಾವ ಮ್ಯಾಜಿಸ್ಟ್ರೇಟನೂ ಒಪ್ಪುತ್ತಿರಲಿಲ್ಲವೆಂದು ನನ್ನ ಅಭಿಪ್ರಾಯ.

ಸಂಸತ್ತಿಗೂ ಇದು ಸರಿಯೆನಿಸಲಿಲ್ಲ. ಈ ಕಂಪೆನಿಗಳಿಗೆ ಸರ್ಕಾರವೇ ನಡವಳಿಕೆಯ ಸಂಹಿತೆಯೊಂದನ್ನು ರಚಿಸಬೇಕೆಂದು 2019ರಲ್ಲಿ ಕಾಯಿದೆಯಾಯಿತು. 2022ರ ಫೆಬ್ರವರಿಯಲ್ಲಿ ಸಂಹಿತೆ ಹೊರಬಂದಿತು. ಲಂಡನ್ನಿನ ಹೊರಗೆ ಬಹುಪಾಲು ಶುಲ್ಕಗಳಿಗೆ 50 ಪೌಂಡಿನ ಮಿತಿ ಅದರಲ್ಲಿತ್ತು. ಕಂಪೆನಿಗಳು ನ್ಯಾಯಾಲಯದ ಮೆಟ್ಟಿಲೇರಿದ್ದರಿಂದ ಅದೇ ಜೂನಿನಲ್ಲಿ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. 2025ರ ಜುಲೈಯಲ್ಲಿ ಮತ್ತೊಮ್ಮೆ ಜನಾಭಿಪ್ರಾಯ ಕೇಳಿತು.

ಆ ದೇಶದಲ್ಲಿರುವ ನನ್ನ ವಿದ್ಯಾರ್ಥಿಗಳಿಗೆ ಒಂದು ಮಾತು. ಅಂಗಡಿಯ ಅಂಗಳದಿಂದ ಬರುವ ಅಂಥ ಪತ್ರ ನೋಡಲು ಪೊಲೀಸ್ ನೋಟೀಸಿನಂತಿದ್ದರೂ ಅದು ಸರ್ಕಾರದ ದಂಡವಲ್ಲ, ಒಪ್ಪಂದ ಮುರಿದಿರೆಂದು ಖಾಸಗಿ ಕಂಪೆನಿಯೊಂದು ಮಾಡಿದ ಬೇಡಿಕೆ. ಹಾಗೆಂದು ಕಸದ ಬುಟ್ಟಿಗೆ ಹಾಕಬೇಡಿ. ಬೀವಿಸ್ ತೀರ್ಪಿನ ನಂತರ ಅದು ನ್ಯಾಯಾಲಯದವರೆಗೂ ಬೆನ್ನುಹತ್ತಬಲ್ಲದು. ಫಲಕದ ಛಾಯಾಚಿತ್ರ, ಖರೀದಿಯ ರಸೀದಿ ಎರಡನ್ನೂ ಇಟ್ಟುಕೊಂಡು, ಗಡುವಿನೊಳಗೆ ಮೊದಲು ಕಂಪೆನಿಗೆ, ಅಲ್ಲಿ ಫಲಿಸದಿದ್ದರೆ ಪತ್ರದಲ್ಲಿ ಹೆಸರಿಸಿರುವ ಮೇಲ್ಮನವಿ ಸಂಸ್ಥೆಗೆ ಬರೆಯಿರಿ.